ಕೆಳಗಿಡಲಾಗದ ಬಟ್ಟಲು

ಕಾಮೆಉರಾ ಬಂದರು, ತೋಸಾ
ಫೆಬ್ರುವರಿ ೨೪, ಶನಿವಾರ. ಗಾಳಿ ಜೋರು, ದೋಣಿಗಳೆಲ್ಲ ದಡದಲ್ಲಿ

ಪ್ರೀತಿಯ ಚಿಗುಸಾ,

ಮೊದಲು ನಿನ್ನ ಮೊಣಕಾಲು ಹೇಗಿದೆ ಬರೆ. ಕುಶಿರೊದ ಹಿಮದ ಮೇಲೆ ಜಾರಿ ಬಿದ್ದೆನೆಂದು ಹೊಸವರ್ಷದ ಕಾರ್ಡಿನಲ್ಲಿ ಒಂದು ಸಾಲು ಗೀಚಿ ಕಳಿಸಿದ್ದೀ. ಬಲಗಾಲೋ ಎಡಗಾಲೋ ಎಂದು ಬರೆಯದೆ ಹೆತ್ತ ತಾಯಿ ಎರಡೂ ಕಾಲಿಗೆ ಚಿಂತಿಸುವಂತೆ ಮಾಡಿದ್ದೀ. ಶಾಲೆಯ ಅಡುಗೆಮನೆಯಲ್ಲಿ ದಿನವಿಡೀ ನಿಂತೇ ಕೆಲಸ ಮಾಡುವವಳು ನೀನು. ಮಕ್ಕಳಿಗೆ ಸಾರು ಬಡಿಸುವಾಗ ಸ್ಟೂಲಿನ ಮೇಲೆ ಕೂತು ಬಡಿಸಿದರೆ ಸಾರು ರುಚಿ ಕೆಡುವುದಿಲ್ಲ. ಇದರ ಜೊತೆಗಿರುವ ಪೊಟ್ಟಣದಲ್ಲಿ ನಮ್ಮ ಹಿತ್ತಲಿನ ಯೂಜು ಹಣ್ಣುಗಳಿವೆ. ಸ್ನಾನದ ತೊಟ್ಟಿಯಲ್ಲಿ ಎರಡನ್ನು ತೇಲಿಬಿಟ್ಟು ಕಾಲು ನೀಡಿ ಕೂತುಕೋ. ಉಳಿದವನ್ನು ಮೀನಿಗೆ ಹಿಂಡು. ಉತ್ತರದವರು ಮೀನಿಗೆ ಏನೇನು ಹಚ್ಚುತ್ತಾರೋ ನನಗೆ ಗೊತ್ತಿಲ್ಲ, ತಿಳಿದುಕೊಳ್ಳುವ ಧೈರ್ಯವೂ ಇಲ್ಲ. ಆ ಕಾರ್ಡಿನಲ್ಲಿ ಇನ್ನೊಂದು ಸಾಲೂ ಇತ್ತು. ಅದರ ವಿಷಯ ಕೊನೆಯಲ್ಲಿ ಬರೆಯುತ್ತೇನೆ. ಮರೆಯುವವಳಲ್ಲ ನಾನು, ನಿನಗೆ ಗೊತ್ತು.

ಈ ಪತ್ರ ಇಷ್ಟು ದಪ್ಪವಾಗಿರುವುದಕ್ಕೆ ಕಾರಣ ಹೇಳಬೇಕು. ಕಳೆದ ಶರತ್ಕಾಲದಿಂದ ನಿನ್ನ ತಾಯಿಯ ಬಾಯಿಗೆ ಬೀಗ ಬಿದ್ದಿದೆ. ವೈದ್ಯಕೀಯ ಆದೇಶ. ಬಂದರಿನ ಮೀನುಕಟ್ಟೆಯಲ್ಲಿ ನಾನು ಒಂದು ಸಲ ಕೂಗಿದರೆ ಎದುರು ದಡದ ಕೊಕ್ಕರೆ ಹಾರುತ್ತಿತ್ತು ಎಂದು ಜನ ಹೇಳುತ್ತಾರೆ. ಅಂಥ ಗಂಟಲು ಈಗ ಮನೆಯಲ್ಲಿ ‘ಅನ್ನ ಬಡಿಸ್ಲಾ?’ ಎಂಬುದರ ಆಚೆ ಹೋಗುವಂತಿಲ್ಲ. ತೋಸಾದ ಹೆಂಗಸಿಗೆ ಇದಕ್ಕಿಂತ ದೊಡ್ಡ ಶಿಕ್ಷೆಯನ್ನು ಯಾವ ದೊರೆಯೂ ಕೊಟ್ಟಿರಲಿಲ್ಲ. ಹಾಗಾಗಿ ಆಡದೆ ಉಳಿದ ಮಾತೆಲ್ಲ ಬೆರಳಿಗೆ ಇಳಿದು ಈಗ ನಿನ್ನ ತಲೆಯ ಮೇಲೆ ಬೀಳುತ್ತಿದೆ. ಸಹಿಸಿಕೋ.

ನಿನ್ನಪ್ಪನ ಕುಡಿತ ಬಿಡಿಸಲು ನಾನು ನಡೆಸಿದ ಯುದ್ಧಗಳಲ್ಲಿ ಅರ್ಧಕ್ಕೆ ನೀನೇ ಸಾಕ್ಷಿ. ಬಾಟಲಿಗಳನ್ನು ಬಂದರಿನ ನೀರಿಗೆ ಸುರಿದೆ. ಆ ವಾರ ಅಲ್ಲಿನ ಸಣ್ಣ ಮೀನುಗಳು ಬಹಳ ಉಲ್ಲಾಸದಲ್ಲಿದ್ದವು. ಹೆಂಡದ ಹೂಜಿಗೆ ವಿನಿಗರ್ ತುಂಬಿಟ್ಟೆ. ಅದನ್ನೂ ಕುಡಿದು ‘ಈ ವರ್ಷದ್ದು ಸ್ವಲ್ಪ ಹುಳಿ’ ಎಂದ. ನಮ್ಮ ದ್ವೀಪದ ಯಾತ್ರೆಯ ಎಂಬತ್ತೆಂಟು ದೇವಾಲಯಗಳಲ್ಲಿ ಮೂವತ್ತೇಳನೆಯದರಿಂದ ತಾಯಿತ ತಂದು ಅವನ ಒಳಅಂಗಿಗೆ ಹೊಲಿದೆ. ಬಟ್ಟಲುಗಳ ಕಪಾಟಿನ ಬಾಗಿಲಿಗೆ ನಿನ್ನ ಬಾಲ್ಯದ ಫೋಟೋ ಅಂಟಿಸಿದೆ, ಎರಡು ಹಲ್ಲು ಬಿದ್ದ ನಗುವಿನದು. ಅವನು ಪ್ರತಿಸಲವೂ ಫೋಟೋಗೆ ಬಾಗಿ ನಮಸ್ಕರಿಸಿ, ಕಣ್ಣೊರೆಸಿಕೊಂಡು, ಬಾಗಿಲು ತೆಗೆಯುತ್ತಿದ್ದ. ಬಿಡುತ್ತೇನೆ ಎಂದು ಮಾತು ಕೊಡುವುದರಲ್ಲಿ ಅವನಷ್ಟು ಉದಾರಿ ಈ ಕರಾವಳಿಯಲ್ಲಿ ಇನ್ನೊಬ್ಬನಿಲ್ಲ. ಈಗ ಅನ್ನಿಸುತ್ತದೆ, ಅವನು ಸುಳ್ಳು ಹೇಳುತ್ತಿರಲಿಲ್ಲ. ನಾನು ಅವನ ಬಾಯಿಗೆ ಇಟ್ಟ ಮಾತನ್ನು ವಿನಯದಿಂದ ನನಗೇ ಹಿಂತಿರುಗಿಸುತ್ತಿದ್ದ. ಅದು ಎಂದೂ ಅವನ ಮಾತಾಗಿರಲಿಲ್ಲ.

ನಿನ್ನ ನಿಶ್ಚಿತಾರ್ಥದ ಔತಣವನ್ನು ನೆನಪಿಸಿ ನಿನ್ನನ್ನು ನೋಯಿಸಬಾರದು. ಆದರೂ ಆ ತೂತಿನ ಬಟ್ಟಲಿನ ವಿಷಯ ಮುಂದೆ ಬರುವುದರಿಂದ ನೆನಪಿಸಲೇಬೇಕು. ಮೂತಿ ಚೂಪು ಮಾಡಿದ ಆ ಗಂಡಸಿನ ಮುಖದ ಬಟ್ಟಲು, ತುಟಿಯ ನಡುವೆ ಸರಿಯಾಗಿ ಒಂದು ತೂತು. ತೂತಿಗೆ ಬೆರಳು ಒತ್ತಿ ಹಿಡಿದರೆ ಮಾತ್ರ ಹೆಂಡ ನಿಲ್ಲುತ್ತದೆ, ಬೆರಳು ಒತ್ತಿರುವತನಕ ಕೆಳಗಿಡಲಾಗುವುದಿಲ್ಲ, ಕೆಳಗಿಡಬೇಕೆಂದರೆ ಕುಡಿದು ಖಾಲಿ ಮಾಡಬೇಕು. ಕುಡಿಯದೆ ತಪ್ಪಿಸಿಕೊಳ್ಳುವ ಎಲ್ಲ ದಾರಿಯನ್ನೂ ಮುಚ್ಚಲು ನಮ್ಮ ಹಿರಿಯರು ಎಷ್ಟು ತಲೆ ಓಡಿಸಿದ್ದಾರೆ ನೋಡು; ಆ ಬುದ್ಧಿಯನ್ನು ರಸ್ತೆ ಹಾಕುವುದಕ್ಕೆ ಬಳಸಿದ್ದರೆ ನಮ್ಮೂರಿಗೆ ಇಷ್ಟೊತ್ತಿಗೆ ರೈಲು ಬರುತ್ತಿತ್ತು. ಮಾತ್ಸುಯಾಮಾದ ಬೀಗರಿಗೆ ಈ ವಿದ್ಯೆ ಎಲ್ಲಿಂದ ಬರಬೇಕು? ಅವರು ಬಟ್ಟಲು ಕೆಳಗಿಡಲು ಹೋಗಿ ಹೊಸ ಪ್ಯಾಂಟಿನ ಮೇಲೆಲ್ಲ ಚೆಲ್ಲಿಕೊಂಡರು. ನಿನ್ನಪ್ಪ ನಕ್ಕು ಮತ್ತೆ ತುಂಬಿದ, ಮತ್ತೆ ತುಂಬಿದ, ಕೊನೆಗೆ ಅದೇ ಒದ್ದೆ ತೊಡೆಯ ಮೇಲೆ ತಲೆಯಿಟ್ಟು ಗೊರಕೆ ಹೊಡೆದ. ಮದುವೆ ಮುರಿದುಬಿತ್ತು. ನೀನು ದೇಶದ ನಕ್ಷೆ ಹರಡಿ ತೋಸಾದಿಂದ ಅತಿ ದೂರದ ಬಂದರು ಯಾವುದೆಂದು ಹುಡುಕಿ ಅಲ್ಲಿಗೆ ಹೊರಟುಹೋದೆ. ಹೋಗುವಾಗ ನೀನು ಅವನಿಗೆ ಏನೂ ಹೇಳಲಿಲ್ಲ. ನನಗೆ ಮಾತ್ರ ಹೇಳಿದೆ, ಬಸ್ಸಿನ ಮೆಟ್ಟಿಲ ಮೇಲೆ ನಿಂತು: ‘ಅವನು ನಿನಗೋಸ್ಕರ ಬಿಟ್ಟ, ನನಗೋಸ್ಕರ ಬಿಟ್ಟ ಅಂತ ಬರೀಬೇಡಮ್ಮ. ಅದು ಸಾಕಾಗಿದೆ. ಅವನಿಗೇ ಬೇಕು ಅನ್ನಿಸಿ ಬಿಟ್ಟ ದಿನ ಬರಿ.’

ಅದಕ್ಕೇ ಇಷ್ಟು ಕಾಲ ಅವನ ಕುಡಿತದ ವಿಷಯ ಬರೆದಿರಲಿಲ್ಲ. ಇವತ್ತು ಬರೆಯುತ್ತಿದ್ದೇನೆ.

ಕಳೆದ ಅಕ್ಟೋಬರಿನಲ್ಲಿ ಗೆಂಗೊ ಅವನನ್ನು ದೋಣಿಯಿಂದ ಇಳಿಸಿದ. ಗೆಂಗೊ ಅವನ ಸ್ವಂತ ದೊಡ್ಡಪ್ಪನ ಮಗ, ದೋಣಿಯ ನಾಯಕ, ಕುಡಿತದಲ್ಲಿ ಜೊತೆಗಾರ. ಅವನೇ ಇಳಿಸಿದನೆಂದರೆ ಲೆಕ್ಕ ಹಾಕಿಕೋ. ದೋಣಿಯ ಕಾವಲುಗಟ್ಟೆಯ ಮೇಲೆ ನಿಂತು ದುರ್ಬೀನಿನಲ್ಲಿ ಹಕ್ಕಿ ಹುಡುಕುವುದು ನಿನ್ನಪ್ಪನ ಕೆಲಸ. ಬೊನಿಟೊ ಮೀನಿನ ಹಿಂಡು ಎಲ್ಲಿದೆಯೋ ಅಲ್ಲಿ ಕಡಲಹಕ್ಕಿಗಳು ಒಂದರ ಮೇಲೊಂದು ಸುತ್ತಿ ಬೆಟ್ಟದ ಹಾಗೆ ಏಳುತ್ತವೆ. ಬೇರೆ ದೋಣಿಯವರಿಗೆ ಕಣ್ಣಿಗೆ ಬೀಳುವ ಮೊದಲೇ ಆ ಹಕ್ಕಿಬೆಟ್ಟವನ್ನು ಕಾಣುತ್ತಿದ್ದವನು ಅವನು; ಒಂದು ಕಾಲದಲ್ಲಿ ಇಡೀ ಬಂದರು ಅವನ ಎರಡು ಕಣ್ಣಿನ ಮೇಲೆ ಊಟ ಮಾಡುತ್ತಿತ್ತು. ದೋಣಿಯಿಂದ ಇಳಿಸಿದ ಮಧ್ಯಾಹ್ನವೇ ಅವನು ಮೀನುಕಟ್ಟೆಯ ತುದಿಯಲ್ಲಿ ರಕ್ತ ಕಾರಿ ಬಿದ್ದ. ಹೊಟ್ಟೆಯ ವೈದ್ಯರು ಹೊಲಿಯುವುದನ್ನು ಹೊಲಿದು, ಬೆಟ್ಟದ ಮೇಲಿನ ಕುಡಿತದ ಆಸ್ಪತ್ರೆಗೆ ದಾಟಿಸಿದರು.

ಅಲ್ಲಿ ನಮಗೆ ಸಿಕ್ಕಿದವಳು ಹಿರೊಸೆ ಸಾನ್. ಸಲಹೆಗಾರ್ತಿ ಎಂದರು. ನಾನು ಬಿಳಿಗಡ್ಡದ, ಗುಡುಗುವ ಧ್ವನಿಯ, ಎದೆಯ ಮೇಲೆ ಪದಕವಿರುವ ಯಾರನ್ನಾದರೂ ನಿರೀಕ್ಷಿಸಿದ್ದೆ. ಬಂದವಳು ಬೆಕ್ಕಿನ ಚಿತ್ರದ ಕಾಲುಚೀಲ ಹಾಕಿದ ಸಣ್ಣ ಹೆಂಗಸು, ನನ್ನ ಭುಜದಷ್ಟೂ ಎತ್ತರವಿಲ್ಲ. ನನ್ನನ್ನು ಮೊದಲು ಹೊರಗೆ ಕರೆದು, ತುಂಬ ವಿನಯದಿಂದ, ಒಳಗೆ ಬಂದರೆ ನೀವು ಮಾತಾಡಬಾರದು ಎಂದಳು. ಅವರ ಪರವಾಗಿ ಉತ್ತರ ಕೊಡಬಾರದು, ನೆನಪಿಸಬಾರದು, ತಿದ್ದಬಾರದು, ಅಳುವುದಿದ್ದರೂ ಸದ್ದಾಗಬಾರದು. ‘ಅವರು ಸುಮ್ಮನಾದಾಗ ನೀವೂ ಸುಮ್ಮನಿರಿ, ಮಸುಯೊ ಸಾನ್. ಆಗ್ಲೇ ಅವರು ಹುಡುಕ್ತಾ ಇರ್ತಾರೆ.’ ಹುಡುಕಲು ಏನು ಬೇಕಾದರೂ ನಾನೇ ತೆಗೆದುಕೊಡುತ್ತೇನಲ್ಲ, ಮನೆಯಲ್ಲಿ ಕಾಲುಚೀಲವನ್ನೂ ನಾನೇ ಹುಡುಕಿಕೊಡುವುದು ಎಂದೆ. ಅವಳು ನಕ್ಕಳು. ಆ ನಗುವಿನ ಅರ್ಥ ನನಗೆ ಆಮೇಲೆ ತಿಳಿಯಿತು.

ಒಳಗೆ ಅವಳು ಕೇಳಿದ ಮೊದಲ ಪ್ರಶ್ನೆ ಯಾವುದು ಗೊತ್ತೇ? ‘ಇಸಾಕು ಸಾನ್, ಕುಡಿಯೋದ್ರಲ್ಲಿ ನಿಮಗೆ ಏನಿಷ್ಟ?’ ನಾನು ಕುರ್ಚಿಯಿಂದ ಬೀಳುವುದೊಂದು ಬಾಕಿ. ಕುಡಿತ ಬಿಡಿಸುವ ಆಸ್ಪತ್ರೆಯಲ್ಲಿ ಕೂತು, ಇಡೀ ಪ್ರಾಂತ್ಯದಲ್ಲಿ ಆ ಪ್ರಶ್ನೆಯನ್ನು ಕೇಳಲೇಬಾರದಾದ ಒಬ್ಬನೇ ಮನುಷ್ಯನನ್ನು ಆರಿಸಿ ಕೇಳಿದ್ದಾಳೆ. ಬೆಂಕಿ ಹೊತ್ತಿದ ಮನೆಗೆ ಬಂದ ಅಗ್ನಿಶಾಮಕದವನು ‘ಬೆಂಕಿಯಲ್ಲಿ ನಿಮಗೆ ಯಾವ ಬಣ್ಣ ಇಷ್ಟ’ ಎಂದು ಕೇಳಿದ ಹಾಗಿತ್ತು. ನಿನ್ನಪ್ಪನೂ ಬೆಚ್ಚಿದ. ಬೈಗುಳಕ್ಕೆ ಕುತ್ತಿಗೆ ತಗ್ಗಿಸಿಕೊಂಡು ತಯಾರಾಗಿ ಕೂತಿದ್ದವನು, ಬೈಗುಳ ಬಾರದೆ, ತಗ್ಗಿಸಿದ ಕುತ್ತಿಗೆಯನ್ನು ಏನು ಮಾಡಬೇಕೆಂದು ತಿಳಿಯದೆ ಮೆಲ್ಲಗೆ ಎತ್ತಿದ. ಆಮೇಲೆ ಹೇಳಿದ. ‘ದಡಕ್ಕೆ ಬಂದ್ರೂ ನನಗೆ ನೆಲ ಅಲ್ಲಾಡ್ತಾನೇ ಇರುತ್ತೆ. ಊಟ ಮಾಡೋವಾಗ, ಮಲಗಿದಾಗ, ಯಾವಾಗ್ಲೂ. ಮೊದಲ ಗುಟುಕು ಇಳಿದ್ರೆ ನಿಲ್ಲುತ್ತೆ. ಅಷ್ಟೇ ಸುಖ.’ ಚಿಗುಸಾ, ಆ ಮನುಷ್ಯನ ಪಕ್ಕದಲ್ಲಿ ಇಷ್ಟು ವರ್ಷ ಮಲಗಿದ್ದೇನೆ. ಹಾಸಿಗೆ ಅವನಿಗೆ ಅಲ್ಲಾಡುತ್ತಿತ್ತೆಂದು ನನಗೆ ಗೊತ್ತೇ ಇರಲಿಲ್ಲ. ನಾನು ಕೇಳಿರಲಿಲ್ಲ, ಹೇಳುತ್ತಿದ್ದೆ.

ಅವಳು ಸರಿ ತಪ್ಪು ಎನ್ನಲಿಲ್ಲ. ಕೆಟಲಿನಿಂದ ಜಗ್ಗಿಗೆ ಒಂದಿಷ್ಟು ಬಾರ್ಲಿ ಚಹಾ ಸುರಿದು, ಅದರ ಪಕ್ಕ ಖಾಲಿ ಬಟ್ಟಲೊಂದನ್ನು ಇಟ್ಟಳು. ‘ಬಿಡಬೇಕು ಅನ್ನೋ ಆಸೆ ನಿಮ್ಮೊಳಗೆ ಎಷ್ಟಿದೆಯೋ ಅಷ್ಟು ಹಾಕಿ ತೋರ್ಸಿ. ನನ್ನ ಮನಸ್ಸಿಗೋಸ್ಕರ ಜಾಸ್ತಿ ಹಾಕ್ಬೇಡಿ.’ ನಿನ್ನಪ್ಪ ಜಗ್ಗು ಬಗ್ಗಿಸಿದ. ಕೈ ನಡುಗಿ ಮೇಜಿನ ಮೇಲೆ ಬಿದ್ದದ್ದೇ ಹೆಚ್ಚು. ಬಟ್ಟಲಿನ ತಳ ಒದ್ದೆಯಾಗುವಷ್ಟು ಬಿದ್ದಾಗ ನಿಲ್ಲಿಸಿದ. ಮುಗಿಯಿತು ಎಂದುಕೊಂಡೆ ನಾನು. ಇಷ್ಟು ತಾಯಿತ, ಇಷ್ಟು ಕಣ್ಣೀರು, ಎಲ್ಲ ಸೇರಿ ಬಟ್ಟಲಿನ ತಳ ಒದ್ದೆ. ಹಿರೊಸೆ ಸಾನ್ ಮಾತ್ರ ಆ ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಒಳಗೆ ಇಣುಕಿದಳು, ಯಾರೋ ಅಪರೂಪದ ಚಿಪ್ಪು ತಂದುಕೊಟ್ಟ ಹಾಗೆ. ‘ಇಷ್ಟಾದ್ರೂ ಇದೆಯಲ್ಲ. ಪೂರ್ತಿ ಖಾಲಿ ಯಾಕೆ ಇಡ್ಲಿಲ್ಲ?’

ಆಮೇಲೆ ಯಾರೂ ಮಾತಾಡಲಿಲ್ಲ. ಅಂಥ ಮೌನವನ್ನು ನಾನು ಹೆರಿಗೆಯಲ್ಲೂ ಅನುಭವಿಸಿಲ್ಲ. ಅಲ್ಲಿ ಕಿರುಚುವುದಕ್ಕಾದರೂ ಬಿಡುತ್ತಾರೆ. ನನ್ನ ನಾಲಿಗೆಯ ತುದಿಯಲ್ಲಿ ಉತ್ತರಗಳ ಸಾಲೇ ನಿಂತಿತ್ತು. ‘ಮಗಳಿಗೋಸ್ಕರ ಅನ್ನಿ, ಯಕೃತ್ತಿಗೋಸ್ಕರ ಅನ್ನಿ, ನಿಮ್ಮ ಅಪ್ಪನ ಸಮಾಧಿಗೋಸ್ಕರ ಅನ್ನಿ.’ ಕರವಸ್ತ್ರವನ್ನು ಬಾಯಿಗೆ ತುರುಕಿಕೊಂಡೆ. ನಿನ್ನಪ್ಪ ಕಿಟಕಿಯ ಆಚೆ ನೋಡುತ್ತ ಕೂತಿದ್ದ, ನಿಜವಾಗಿಯೂ ಹುಡುಕುತ್ತ. ಕಡೆಗೆ ಹೇಳಿದ: ‘ಹಕ್ಕಿ ಕುಣೀತವೆ. ದುರ್ಬೀನು ಹಿಡಿದ್ರೆ ಸಾಕು, ಎಲ್ಲ ಹಕ್ಕೀನೂ ಕುಡಿದವರ ಹಾಗೆ ಕುಣೀತವೆ. ಕುಣಿಯೋದು ನನ್ನ ಕೈ, ಗೊತ್ತು. ಹೋದ ಸಲ ಗೆಂಗೊಗೆ ಉತ್ತರಕ್ಕಿದೆ ಅಂದ್ಬಿಟ್ಟೆ, ಏನೂ ಕಾಣದೇನೇ. ಅಲ್ಲಿ ಬರೀ ನೀರಿತ್ತು. ಹುಡುಗರು ನನ್ನ ಮುಖ ನೋಡಿದ್ರು.’ ಕಿಟಕಿಯಿಂದ ಮುಖ ತಿರುಗಿಸಿ, ‘ಒಂದ್ಸಲ ಹಕ್ಕಿ ನಿಂತಿದ್ದು ನೋಡ್ಬೇಕು’ ಎಂದ. ಹಿರೊಸೆ ಸಾನ್ ‘ನೋಡ್ಬೇಕು’ ಎಂದು ಅವನ ಮಾತನ್ನೇ ಹಿಂದಕ್ಕೆ ಕೊಟ್ಟಳು. ಅವನು ‘ಹೂಂ’ ಎಂದ. ಆ ದಿನದ ಚಿಕಿತ್ಸೆ ಇಷ್ಟೇ.

ನನಗೆ ಮೊದಲು ಬಂದದ್ದು ಸಿಟ್ಟು, ಮುಚ್ಚಿಡುವುದೇಕೆ. ನನ್ನ ಯೌವನ, ನಿನ್ನ ಮುರಿದ ಮದುವೆ, ಅವನ ಸ್ವಂತ ಹೊಟ್ಟೆಯ ರಕ್ತ, ಇವನ್ನೆಲ್ಲ ಒಟ್ಟು ಸೇರಿಸಿ ಎಳೆದರೂ ಅಲುಗದ ಮನುಷ್ಯ ಕಡಲಹಕ್ಕಿಯೊಂದಕ್ಕಾಗಿ ಅಲುಗುತ್ತಾನೆಯೇ? ಹಕ್ಕಿಯ ಮುಂದೆ ಸೋತ ಹೆಂಡತಿ ಎಂದು ನನ್ನ ಸಮಾಧಿಯ ಮೇಲೆ ಕೆತ್ತಿಸಬೇಕಾಗುತ್ತದೆ. ಆದರೆ ಬೆಟ್ಟ ಇಳಿಯುವ ಬಸ್ಸಿನಲ್ಲಿ ಕೂತು ಯೋಚಿಸುತ್ತಿದ್ದಂತೆ ಸಿಟ್ಟು ಎಲ್ಲೋ ಇಳಿದುಹೋಗಿ, ಮೈ ಜುಮ್ಮೆಂದಿತು. ಇಷ್ಟು ವರ್ಷ ನಾವು ಅವನೊಳಗೆ ದೊಡ್ಡ ದೊಡ್ಡ ಕಾರಣಗಳನ್ನು ಹೊತ್ತುಕೊಂಡು ಹೋಗಿ ಸುರಿದೆವು. ಅವನದೇ ಆದ ಒಂದು ಕಾರಣ ಒಳಗೇ ಇತ್ತು, ಬಟ್ಟಲಿನ ತಳದಷ್ಟು, ಇಷ್ಟು ಹೆಂಡದಲ್ಲಿ ಮುಳುಗಿಯೂ ಸಾಯದೆ. ನಾನು ಗುಡಿಗಳಲ್ಲಿ ತಲೆ ಬಾಗಿಸಿದ್ದೇನೆ, ಅರ್ಧ ಮನಸ್ಸು ಮನೆಯ ಒಲೆಯ ಮೇಲಿರುತ್ತಿತ್ತು. ಆ ಬಸ್ಸಿನಲ್ಲಿ ಪೂರ್ತಿ ಮನಸ್ಸಿನಿಂದ ತಲೆ ಬಾಗಿಸಿದೆ. ಮುಂದಿನ ಸೀಟಿನ ಅಜ್ಜಿ ವಾಂತಿ ಬರುತ್ತಿದೆಯೇ ಎಂದು ಕೇಳಿ ಚೀಲ ಕೊಟ್ಟಳು.

ಇದಾದ ಮೇಲೆ ಎಲ್ಲ ಸರಿಹೋಯಿತು ಎಂದು ಬರೆದರೆ ನೀನು ನಂಬುವುದಿಲ್ಲ, ನಂಬಲೂಬಾರದು. ಮನೆಗೆ ಬಂದ ತಿಂಗಳೊಳಗೆ ಒಂದು ಸಂಜೆ ತೋಫು ತರಲು ಹೋದವನು ತೋಫು ಇಲ್ಲದೆ, ವಾಸನೆಯೊಂದಿಗೆ ಬಂದ. ನಾನು ಏನನ್ನೂ ಹೇಳಲಿಲ್ಲ. ಎಷ್ಟು ಹೇಳಲಿಲ್ಲವೆಂದರೆ ಪಕ್ಕದ ಮನೆಯವಳು ನನಗೆ ಪಾರ್ಶ್ವವಾಯು ಹೊಡೆದಿದೆಯೇನೋ ಎಂದು ನೋಡಿಹೋದಳು. ಆ ವಾರ ಕುಡಿತ ಬಿಟ್ಟವರ ಸಭೆ ಇತ್ತು. ಅಗ್ನಿಶಾಮಕ ಠಾಣೆಯ ಮೇಲಿನ ಕೋಣೆಯಲ್ಲಿ ಸೇರುತ್ತೇವೆ, ಗಂಡಂದಿರ ಜೊತೆ ಹೆಂಡತಿಯರೂ. ಅಲ್ಲಿನ ಪದ್ಧತಿಯೂ ನನ್ನಂಥವಳನ್ನು ಕೊಲ್ಲಲೆಂದೇ ಮಾಡಿದ್ದು: ಒಬ್ಬರು ತಮ್ಮ ಮಾತು ಹೇಳಿ ಕೂರಬೇಕು, ಉಳಿದವರು ಕೇಳಬೇಕು, ಯಾರೂ ಬುದ್ಧಿ ಹೇಳಬಾರದು. ನಿನ್ನಪ್ಪ ಎದ್ದು ನಿಂತು ಯಾರೂ ಕೇಳದೆಯೇ ತೋಫುವಿನ ಕಥೆ ಹೇಳಿದ. ಯಾರೂ ಚ್ಚು ಚ್ಚು ಎನ್ನಲಿಲ್ಲ. ಮರುದಿನ ಹಿರೊಸೆ ಸಾನ್ ಕೂಡ ಯಾಕೆ ಕುಡಿದಿರಿ ಎಂದು ಕೇಳಲಿಲ್ಲ. ಕುಡಿಯದೆ ಇದ್ದ ದಿನಗಳಲ್ಲಿ ಏನು ಕಂಡಿತು ಎಂದು ಕೇಳಿದಳಂತೆ. ‘ಒಂದು ಹಕ್ಕಿ ಇನ್ನೇನು ನಿಲ್ಲೋದ್ರಲ್ಲಿತ್ತು’ ಎಂದನಂತೆ ಇವನು. ಅಲ್ಲಿಂದ ಮತ್ತೆ ಶುರು ಮಾಡಿದ.

ಈಗ ನಮ್ಮೂರಿನವರ ಮಹಾ ಮೂರ್ಖತನದ ವಿಷಯ. ನಮ್ಮಲ್ಲಿ ಮಗು ಹುಟ್ಟಿದರೆ ಕುಡಿಯುತ್ತಾರೆ, ಮುದುಕರು ಸತ್ತರೆ ಕುಡಿಯುತ್ತಾರೆ, ದೋಣಿ ನೀರಿಗಿಳಿದರೆ ಕುಡಿಯುತ್ತಾರೆ, ಇಳಿದದ್ದು ಮುಳುಗದೆ ಬಂದರೆ ಇನ್ನೂ ಹೆಚ್ಚು ಕುಡಿಯುತ್ತಾರೆ. ಹೀಗಿರುವಾಗ ಊರಿನ ದೊಡ್ಡ ಕುಡುಕನೊಬ್ಬ ಕುಡಿತ ಬಿಟ್ಟನೆಂದರೆ, ಅಂಥ ಶುಭ ಸಂಗತಿಯನ್ನು ಕುಡಿಯದೆ ಆಚರಿಸುವುದು ಹೇಗೆ ಎಂಬುದು ಗೆಂಗೊಗೆ ಹೊಳೆಯಲೇ ಇಲ್ಲ. ಕಳೆದ ಭಾನುವಾರ ಮಧ್ಯಾಹ್ನ ತನ್ನ ಮನೆಯಲ್ಲಿ ಔತಣ ಇಟ್ಟ. ಇಡೀ ಬಂದರೇ ಬಂತು. ಬಂಡಿಚಕ್ರದಷ್ಟು ಅಗಲದ ತಟ್ಟೆಗಳಲ್ಲಿ ಮೀನು, ಹುಲ್ಲಿನ ಬೆಂಕಿಯಲ್ಲಿ ನಾನೇ ಸುಟ್ಟುಕೊಟ್ಟ ಬೊನಿಟೊ, ಮೇಲೆ ಬೆಳ್ಳುಳ್ಳಿ ಚೂರು. ಗೌರವದ ಜಾಗದಲ್ಲಿ ನಿನ್ನಪ್ಪ, ಮುಂದೆ ಬಾರ್ಲಿ ಚಹಾ. ಗೆಂಗೊ ಎದ್ದು ಕಣ್ಣಲ್ಲಿ ನೀರು ತಂದುಕೊಂಡು, ‘ನಮ್ಮ ಇಸಾಕು ಬಿಟ್ಟುಬಿಟ್ಟ. ಅವನ ಪಾಲಿಂದೂ ನಾವೇ ಕುಡೀಬೇಕು, ಬೇರೆ ದಾರಿ ಇಲ್ಲ’ ಎಂದ. ಅವನ ಮನಸ್ಸು ಬಂಗಾರ. ಅದನ್ನು ಇಟ್ಟಿರುವ ತಲೆಯ ಬಗ್ಗೆ ನಾನು ಬರೆಯುವುದಿಲ್ಲ.

ಸ್ವಲ್ಪ ಹೊತ್ತಿಗೆ ಬದಿಗಳಲ್ಲಿ ಮುಖಗಳ ಚಿತ್ರವಿರುವ ಬುಗುರಿ ಬಂತು, ಅದರ ಹಿಂದೆಯೇ ಮುಖದ ಬಟ್ಟಲುಗಳು. ಆಟ ನಿನಗೆ ಗೊತ್ತಿದ್ದದ್ದೇ: ಬುಗುರಿ ನಿಂತಾಗ ಮೇಲೆ ಯಾವ ಮುಖ ಬರುತ್ತದೋ ಆ ಬಟ್ಟಲು, ಅದರ ಮೊನೆ ಯಾರ ಕಡೆಗೋ ಅವರು ಕುಡಿಯಬೇಕು. ಬುಗುರಿಗೆ ಆಸ್ಪತ್ರೆ ಗೊತ್ತಿಲ್ಲ. ತಿರುಗಿ ತಿರುಗಿ ನಿನ್ನಪ್ಪನ ಕಡೆಗೆ ಮೊನೆ ಮಾಡಿ ಬಿತ್ತು, ಮೇಲೆ ಚೂಪು ಮೂತಿಯವನ ಮುಖ. ಇನ್ನೊಮ್ಮೆ ತಿರುಗಿಸೋಣ ಎಂದು ಯಾರೋ ಗೊಣಗಿದರು. ಗೆಂಗೊ ಅಷ್ಟರಲ್ಲಿ ಅವನ ಕೈಗೆ ಬಟ್ಟಲು ಕೊಟ್ಟು ತುಂಬಿಯೇ ಬಿಟ್ಟಿದ್ದ. ‘ಒಂದೇ ಒಂದು ಮಾರಾಯ. ನೀನು ಬಿಟ್ಟಿದ್ದಕ್ಕೇ ಅಲ್ವಾ ಇದೆಲ್ಲ.’ ನಿನ್ನಪ್ಪನ ಬೆರಳು ಹಳೆಯ ಅಭ್ಯಾಸದಿಂದ ತಾನಾಗಿಯೇ ಹೋಗಿ ತೂತನ್ನು ಒತ್ತಿ ಹಿಡಿದಿತ್ತು. ಅವನ ಮುಖ ನೋಡಿದರೆ ಬೆರಳಿನ ಆ ಚುರುಕು ಅವನಿಗೇ ಆಶ್ಚರ್ಯ ತಂದಂತಿತ್ತು. ಬಟ್ಟಲು ತುಂಬಿ ತುಳುಕುತ್ತಿದೆ, ಕೆಳಗಿಡುವಂತಿಲ್ಲ. ಎಲ್ಲರ ಕಣ್ಣೂ ನನ್ನ ಕಡೆ ತಿರುಗಿತು. ಗೆಂಗೊನ ಹೆಂಡತಿ ನನ್ನ ಸೊಂಟ ಚಿವುಟಿ, ‘ಏನಾದ್ರೂ ಅನ್ನೇ, ಮಾರಾಯ್ತಿ’ ಎಂದಳು. ನಾನು ಒಂದು ಹಿಡಿ ಹಸಿ ಬೆಳ್ಳುಳ್ಳಿ ಬಾಯಿಗೆ ಹಾಕಿಕೊಂಡು ಜಗಿಯತೊಡಗಿದೆ. ಕಣ್ಣಲ್ಲಿ ನೀರು ಧಾರೆ. ಅದು ಬೆಳ್ಳುಳ್ಳಿಯದೆಂದೇ ಇಟ್ಟುಕೋ.

ನಿನ್ನಪ್ಪ ಬಟ್ಟಲಿನೊಳಗೆ ನೋಡುತ್ತ ಕೂತ. ಅವತ್ತು ಆಸ್ಪತ್ರೆಯ ಕಿಟಕಿಯಾಚೆ ನೋಡಿದ ಹಾಗೆಯೇ. ಆಮೇಲೆ ತುಂಬ ಸಾಮಾನ್ಯ ಧ್ವನಿಯಲ್ಲಿ, ‘ಖಾಲಿ ಆಗದೆ ಇದನ್ನ ಕೆಳಗಿಡೋ ಹಾಗಿಲ್ಲ, ಅಲ್ವಾ?’ ಎಂದು ಕೇಳಿದ. ‘ಹಾಗಿಲ್ಲ. ಅಜ್ಜನ ಕಾಲದ ನಿಯಮ’ ಎಂದ ಗೆಂಗೊ. ‘ಖಾಲಿ ಆದ್ರೆ ಆಯ್ತಲ್ಲ’ ಎಂದು ನಿನ್ನಪ್ಪ ಬೆರಳು ತೆಗೆದ.

ಅಷ್ಟೇ ಮಾಡಿದ್ದು. ಬೆರಳು ತೆಗೆದ. ಚೂಪು ಮೂತಿಯಿಂದ ಹೆಂಡ ಸಣ್ಣ ಧಾರೆಯಾಗಿ ಇಳಿಯಿತು, ಅವನ ಮಣಿಕಟ್ಟಿನ ಮೇಲೆ, ತೋಳಿನೊಳಗೆ, ಚಾಪೆಯ ಮೇಲೆ. ಕೈ ನಡುಗುತ್ತಿತ್ತು, ಧಾರೆ ಎರಡೂ ಕಡೆ ಓಲಾಡುತ್ತಿತ್ತು. ಆದರೂ ಕೊನೆಯ ಹನಿ ಬೀಳುವತನಕ ಅವನು ಬಟ್ಟಲನ್ನು ನೆಟ್ಟಗೆ ಹಿಡಿದೇ ಇದ್ದ. ಆಮೇಲೆ ಅದನ್ನು ಬೋರಲು ಹಾಕಿ ತಟ್ಟೆಯ ಪಕ್ಕ ಇಟ್ಟು, ತನ್ನ ಬಾರ್ಲಿ ಚಹಾ ಎತ್ತಿಕೊಂಡ. ಚಿಗುಸಾ, ಆ ಬಟ್ಟಲಿಗೆ ತೂತಿದೆಯೆಂದು ತೋಸಾದಲ್ಲಿ ತಿಳಿಯದವರಿಲ್ಲ. ನಾವೆಲ್ಲರೂ ಹುಟ್ಟಿದಂದಿನಿಂದ ಕಲಿತದ್ದು ಅದನ್ನು ಮುಚ್ಚುವುದನ್ನು ಮಾತ್ರ. ಯಾರು ಹೇಳಿದರೂ ಎಷ್ಟು ಕೂಗಿದರೂ ಆ ಬೆರಳನ್ನು ಹೊರಗಿನಿಂದ ತೆಗೆಯಲು ಆಗುತ್ತಿರಲಿಲ್ಲ. ನಾನು ಇಷ್ಟು ವರ್ಷ ಎಳೆದಷ್ಟೂ ಅದು ಗಟ್ಟಿಯಾಗಿ ಒತ್ತುತ್ತಿತ್ತು. ಕಡಲು ಹಿಂದೆ ಸರಿದು ತಳ ಕಂಡರೆ ಜನ ಹೇಗೆ ನಿಂತುಬಿಡುತ್ತಾರೋ ಹಾಗೆ ಕೂತುಬಿಟ್ಟಿದ್ದೆವು ಎಲ್ಲರೂ. ಮೊದಲು ಬಾಯಿ ಬಂದದ್ದು ಗೆಂಗೊಗೆ. ಬಟ್ಟಲನ್ನು ಎತ್ತಿ, ತಿರುಗಿಸಿ, ಒಳಗೆ ನೋಡಿ, ‘ನಿಯಮದ ಪ್ರಕಾರ ಸರಿಯಾಗೇ ಇದೆ’ ಎಂದ, ತುಂಬ ಗಂಭೀರವಾಗಿ, ತೀರ್ಪು ಕೊಡುವವನ ಹಾಗೆ. ಅವನ ಹೆಂಡತಿ, ‘ನಿಯಮ ಸರಿ, ನನ್ನ ಚಾಪೆ ಯಾರು ಒರೆಸ್ತಾರೆ?’ ಎಂದಳು. ನಿನ್ನಪ್ಪ ಒರೆಸಿದ. ನಾನು ಸಹಾಯಕ್ಕೆ ಹೋಗಲಿಲ್ಲ.

ಮರುದಿನ ಬೆಳಿಗ್ಗೆ ಅವನು ಎಂದಿನಂತೆ ದುರ್ಬೀನು ತಗಲಿಸಿಕೊಂಡು ಅಲೆತಡೆಯ ಗೋಡೆಗೆ ಹೋದ. ನಾನೂ ಹಿಂದೆಯೇ ಹೋದೆ, ಕರೆಯದಿದ್ದರೂ. ಅವನು ಮೊಣಕೈಗಳನ್ನು ಗೋಡೆಗೆ ಊರಿ ದಕ್ಷಿಣಕ್ಕೆ ನೋಡುತ್ತಿದ್ದ. ‘ನಿಂತಿದೆ’ ಎಂದ. ದುರ್ಬೀನನ್ನು ನನ್ನ ಕೈಗೆ ಕೊಟ್ಟ. ನಾನು ಕಣ್ಣಿಗಿಟ್ಟು ನೋಡಿದೆ. ಬೂದಿ ಬಣ್ಣ, ಅದರಲ್ಲಿ ಏನೋ ಕಪ್ಪು ಚುಕ್ಕೆಗಳು ಮೇಲೆ ಕೆಳಗೆ ಹಾರಿ ಕುಣಿದವು. ಎಲ್ಲಿ ನಿಂತಿದೆ, ಎಲ್ಲ ಕುಣಿಯುತ್ತಿವೆಯಲ್ಲ ಎಂದೆ. ಅವನು ದುರ್ಬೀನನ್ನಲ್ಲ, ನನ್ನನ್ನು ನೋಡುತ್ತಿದ್ದ. ‘ನಿನ್ನ ಕೈ ನಡುಗ್ತಿದೆ, ಮಸುಯೊ’ ಎಂದ. ಆಮೇಲೆ ನನ್ನ ಮಣಿಕಟ್ಟಿನ ಕೆಳಗೆ ತನ್ನ ಅಂಗೈ ಕೊಟ್ಟು ಹಿಡಿದ. ಅಷ್ಟು ದೂರದಲ್ಲಿ, ನೀರಿಗೂ ಆಕಾಶಕ್ಕೂ ನಡುವೆ, ಒಂದು ಹಕ್ಕಿ ರೆಕ್ಕೆ ಹರಡಿಕೊಂಡು ಗಾಳಿಯ ಮೇಲೆ ನಿಂತಿತ್ತು.

ನಾಳೆ ಏನಾಗುತ್ತದೋ ನನಗೆ ಗೊತ್ತಿಲ್ಲ. ತೋಫು ಅಂಗಡಿಯ ದಾರಿಯಲ್ಲಿ ಕಾಸು ಹಾಕಿದರೆ ಹೆಂಡ ಕೊಡುವ ಯಂತ್ರ ಇನ್ನೂ ನಿಂತೇ ಇದೆ, ದೀಪ ಹಾಕಿಕೊಂಡು. ಗೆಂಗೊ ಅವನನ್ನು ಮತ್ತೆ ದೋಣಿಗೆ ಕರೆಯುತ್ತಾನೋ ಇಲ್ಲವೋ ಅದೂ ಗೊತ್ತಿಲ್ಲ. ನೀನು ಬಸ್ಸಿನ ಮೆಟ್ಟಿಲ ಮೇಲೆ ಹೇಳಿದ್ದಕ್ಕೆ ಮಾತ್ರ ಉತ್ತರ ಬರೆಯುತ್ತಿದ್ದೇನೆ. ಅವನು ನನಗೋಸ್ಕರ ಬಿಡುತ್ತಿಲ್ಲ. ನಿನಗೋಸ್ಕರವೂ ಅಲ್ಲ. ಇದನ್ನು ಇಷ್ಟು ಸಂತೋಷದಿಂದ ಬರೆಯುತ್ತೇನೆಂದು ನಾನು ಎಣಿಸಿರಲಿಲ್ಲ.

ಚಳಿಗೆ ಎರಡು ಜೊತೆ ಕಾಲುಚೀಲ ಹಾಕಿಕೋ. ನಿನ್ನ ಮನೆಯೊಡತಿಗೆ ಒಂದು ಯೂಜು ಕೊಟ್ಟು ನನ್ನ ನಮಸ್ಕಾರ ಹೇಳು. ನಮ್ಮ ಕಡಲಿನ ಬೆಚ್ಚಗಿನ ನೀರು ಅಷ್ಟೂ ದೂರ ಹರಿದು ನಿನ್ನ ಬಂದರಿನ ಹಿಮವನ್ನು ಸ್ವಲ್ಪವಾದರೂ ಕರಗಿಸಲಿ, ನಿನ್ನ ಮೊಣಕಾಲು, ಅದು ಯಾವುದಾದರೂ ಆಗಿರಲಿ, ಬೇಗ ಗುಣವಾಗಲಿ.

ಹೇಳದೆ ಉಳಿದದ್ದನ್ನೆಲ್ಲ ಬರೆದ,
ನಿನ್ನ ಅಮ್ಮ
ಮಸುಯೊ

ತಾ.ಕ.: ಅಂಚೆಯ ವ್ಯಾನು ಮೂಲೆಯಲ್ಲಿ ತಿರುಗುತ್ತಿದೆ, ಬೇಗ ಬರೆಯುತ್ತೇನೆ. ನಿನ್ನಪ್ಪ ತೋಫು ತರಲು ಹೋಗಿದ್ದ. ತೋಫು ತಂದ. ಬಂದವನು ನಿನ್ನ ಕಿಟಕಿಯಿಂದ ಬಂದರು ಕಾಣುತ್ತದೆಯೇ, ಅಲ್ಲಿ ಯಾವ ಹಕ್ಕಿಗಳಿರುತ್ತವೆ ಎಂದು ಕೇಳಿದ. ಬೇರೆ ಏನೂ ಕೇಳಲಿಲ್ಲ. ಈಗ ಕಾರ್ಡಿನ ಆ ಇನ್ನೊಂದು ಸಾಲು. ವಸಂತದಲ್ಲಿ ಅವನನ್ನು ಕರೆದುಕೊಂಡು ಬರಲೇ ಎಂದು ನಾನು ಕೇಳಿದ್ದಕ್ಕೆ ನೀನು ‘ಈಗ ಬೇಡ’ ಎಂದು ಬರೆದಿದ್ದೀ. ಬರಲಿ ಎಂದು ಬರೆ ಎಂದು ನಾನು ಒತ್ತಾಯ ಮಾಡುವುದಿಲ್ಲ, ಮಾಡಿದರೆ ಹಿರೊಸೆ ಸಾನ್‌ಗೆ ಬೆಟ್ಟದ ಮೇಲಿಂದಲೇ ಕೇಳಿಸುತ್ತದೆ. ‘ಬೇಡ’ ಎಂದಿದ್ದರೆ ಮುಗಿದುಹೋಗುತ್ತಿತ್ತು. ‘ಈಗ’ ಎಂದು ಯಾಕೆ ಸೇರಿಸಿದೆ, ಮಗಳೇ? ಬಟ್ಟಲನ್ನು ಪೂರ್ತಿ ಖಾಲಿ ಯಾಕೆ ಇಡಲಿಲ್ಲ? ಉತ್ತರಕ್ಕೆ ಆತುರವಿಲ್ಲ. ಹುಡುಕು. ನಾನು ಸುಮ್ಮನಿರುತ್ತೇನೆ.